ಮಂತ್ರಿಯ ದವಡೆ

ನಮ್ಮ ನಾಯಿಯ ಬಾಯಿಂದ ಎಲುಬೊಂದು ಹೊರಬಂದದ್ದನ್ನು ನಾನು ಕಣ್ಣಾರೆ ಕಂಡ ನೆನಪಿದೆ. ನನ್ನ ಕಿರುಬೆರಳಿನಷ್ಟು ಉದ್ದ, ಒಂದು ತುದಿ ಸೀಳಿದೆ, ಮೈಗೆ ಜೊಲ್ಲು ಸುತ್ತಿಕೊಂಡಿದೆ. ಅಜ್ಜ ಅದನ್ನು ಎರಡು ಬೆರಳಲ್ಲಿ ಹಿಡಿದು ಬಿಸಿಲಿಗೆ ತೋರಿಸುತ್ತಿದ್ದಾರೆ. ಇದು ನಡೆದಿಲ್ಲ. ನಡೆದಿಲ್ಲ ಎನ್ನುವುದಕ್ಕೆ ಈಗ ನನ್ನ ಬಳಿ ಸಾಕಷ್ಟು ಆಧಾರವಿದೆ, ಆದರೂ ಆ ಚಿತ್ರ ಅಳಿಸಿಹೋಗಿಲ್ಲ. ಆದ್ದರಿಂದ ಇಲ್ಲಿ ನಾನು ಹೇಳುವ ಸಣ್ಣಪುಟ್ಟ ವಿವರಗಳಲ್ಲಿ ಎಷ್ಟೋ ತಪ್ಪಿರಬಹುದು. ಆಗ ನನಗೆ ಹತ್ತು ವರ್ಷವೋ ಹನ್ನೊಂದೋ. ನಾಯಿಯ ಕೊರಳಪಟ್ಟಿ ಕೆಂಪಗಿತ್ತು ಎಂದು ನಾನು ಅಂದುಕೊಂಡಿದ್ದೇನೆ. ಪಟ್ಟಿಯೇ ಇರಲಿಲ್ಲ, ಚೀಲ ಕಟ್ಟುವ ಸೆಣಬಿನ ಹುರಿ ಇತ್ತು ಎಂದು ಅವ್ವ ಹೇಳುತ್ತಾಳೆ. ಊತ ಎಡ ದವಡೆಯಲ್ಲಿತ್ತು ಎನ್ನುವುದು ನನ್ನ ನೆನಪು. ಎರಡೂ ಕಡೆ ಇತ್ತು ಅನ್ನುತ್ತಾನೆ ಅಪ್ಪ, ಬಹುಶಃ ಅವನದೇ ಸರಿ. ನನಗೆ ಅನುಕೂಲವಾಗುವಂತೆ ನಾನೇ ತಿದ್ದಿಕೊಂಡದ್ದೂ ಇರಬಹುದು. ಅದನ್ನು ಹುಡುಕುತ್ತಲೇ ಬರೆಯುತ್ತಿದ್ದೇನೆ.

ನ್ಯಾಮತಿಯಲ್ಲಿ ನಮ್ಮದು ಬೀದಿಯಿಂದ ಹಿಂದಕ್ಕೆ ಉದ್ದವಾಗಿ ಚಾಚಿದ ಮನೆ. ಅಜ್ಜನದು ಮೆಕ್ಕೆಜೋಳದ ವ್ಯಾಪಾರ. ಮುಂದಿನ ಪಡಸಾಲೆಯಲ್ಲಿ ಅರ್ಧ ಚೀಲಗಳಿಗೆ, ಅರ್ಧ ನಮಗೆ. ಸುಗ್ಗಿಯಲ್ಲಿ ನಮ್ಮ ಅರ್ಧವೂ ಚೀಲಗಳಿಗೇ ಹೋಗುತ್ತಿತ್ತು, ಆಗ ನಾನು ಅವುಗಳ ಮೇಲೆ ಹತ್ತಿ ಕೂತು ಹೋಮ್‌ವರ್ಕ್ ಬರೆಯುತ್ತಿದ್ದೆ. ಹಾಸಿಗೆ ಕೊಡವಿದರೆ ಕಾಳು ಉದುರುತ್ತಿದ್ದವು. ಗೋಡೆಯ ಮೇಲಿನ ಫೋಟೊಗಳಲ್ಲಿ ನಮ್ಮ ಹಿರಿಯರೆಲ್ಲ ಹಳದಿ ದೂಳು ಮೆತ್ತಿಕೊಂಡು ಒಂದೇ ಥರ ಕಾಣುತ್ತಿದ್ದರು. ಪಡಸಾಲೆ ದಾಟಿದರೆ ದೇವರ ಕೋಣೆ, ಆಮೇಲೆ ಅಡುಗೆಮನೆ, ಅದರಾಚೆ ಬಚ್ಚಲು, ಕೊನೆಯಲ್ಲಿ ಸಿಮೆಂಟು ಹಾಕಿಸಿದ ಕಣ. ಜೋಳ ಒಣಗುತ್ತಿದ್ದದ್ದು ಅಲ್ಲಿ. ಬಾಗಿಲುಗಳೆಲ್ಲ ಒಂದೇ ನೇರಕ್ಕಿದ್ದವು. ಪಡಸಾಲೆಯ ಕುರ್ಚಿಯಲ್ಲಿ ಕೂತ ಅಜ್ಜನಿಗೆ ಕಣದ ಹಿಂದಿನ ಗೋಡೆಯವರೆಗೂ ಕಾಣುತ್ತಿತ್ತು. ಆ ಮನೆಯಲ್ಲಿ ಅಜ್ಜನ ಕಣ್ಣು ತಪ್ಪಿಸಿ ಅಳಬೇಕೆಂದರೆ ಬಚ್ಚಲೊಂದೇ ಜಾಗ. ಅವ್ವ ಅಲ್ಲಿಗೆ ಹೋಗುವುದನ್ನು ನೋಡಿದ್ದೇನೆ. ನಾನೂ ಹೋಗಿದ್ದೇನೆ.

ಅಜ್ಜ ಬೆಳಿಗ್ಗೆ ಮಿಂದು, ವಿಭೂತಿ ಹಚ್ಚಿಕೊಂಡು, ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮುಗಿಸುವವರೆಗೆ ಯಾರೂ ತಟ್ಟೆ ಮುಟ್ಟುವಂತಿರಲಿಲ್ಲ. ಉಂಡಾದ ಮೇಲೆ ತಟ್ಟೆಗೆ ನೀರು ಹಾಕಿ, ಬೆರಳಿಂದ ಸುತ್ತ ಬಳಿದು, ಆ ನೀರನ್ನೂ ಕುಡಿದುಬಿಡಬೇಕು. ನಮ್ಮ ಕಡೆಯ ಹಿರಿಯರಲ್ಲಿ ಇದೇನೂ ವಿಶೇಷವಲ್ಲ. ಉಣ್ಣುವುದೆಲ್ಲ ಪ್ರಸಾದ, ಪ್ರಸಾದವನ್ನು ಚೆಲ್ಲಬಾರದು. ಅಜ್ಜ ಅದಕ್ಕೆ ತಮ್ಮದೊಂದು ಕಟ್ಟಳೆ ಸೇರಿಸಿದ್ದರು. ಯಾರಾದರೂ ತಟ್ಟೆಯಲ್ಲಿ ಏನಾದರೂ ಬಿಟ್ಟರೆ ಆ ತಟ್ಟೆಯನ್ನು ತೊಳೆಯುವಂತಿಲ್ಲ. ಅಡುಗೆಮನೆಯ ಗೋಡೆಗೂಡಿನಲ್ಲಿ ಇನ್ನೊಂದು ತಟ್ಟೆ ಮುಚ್ಚಿ ಇಡಬೇಕು. ಮುಂದಿನ ಊಟಕ್ಕೆ ಅದೇ ತಟ್ಟೆ ಅವರ ಮುಂದೆ ಬರುತ್ತದೆ. ಅದು ಖಾಲಿಯಾಗುವ ತನಕ ಬೇರೇನೂ ಇಲ್ಲ. ಬೈಗುಳವಿಲ್ಲ, ಏಟಿಲ್ಲ. ಅಜ್ಜ ದನಿ ಏರಿಸಿದ್ದನ್ನು ನಾನು ಒಮ್ಮೆಯೂ ಕೇಳಿಲ್ಲ.

"ತಟ್ಟೆ ಕಾಯ್ತೈತೆ ತಾಯಿ," ಅನ್ನುತ್ತಿದ್ದರು, ಅಷ್ಟೆ.

ನನ್ನನ್ನು ಮೆಂತ್ಯದ ಪಲ್ಯವೊಂದು ಒಂದೂವರೆ ದಿನ ಕಾಯ್ದಿತ್ತು. ಎರಡನೆಯ ದಿನ ಅದು ಲೋಳೆಯಾಗಿ ವಾಸನೆ ಬಂದಿತ್ತು. ಮೂಗು ಹಿಡಿದು ನುಂಗಿ, ತಟ್ಟೆ ತೊಳೆದ ನೀರು ಕುಡಿದು, ಬಚ್ಚಲಿಗೆ ಹೋಗಿ ಕಾರಿಕೊಂಡೆ. ಕಾರಿಕೊಂಡದ್ದಕ್ಕೆ ಶಿಕ್ಷೆ ಇರಲಿಲ್ಲ. ಆದರೆ ಆ ಗೂಡು ನನಗೆ ನೆನಪಿರುವುದು ನನ್ನ ತಟ್ಟೆಯಿಂದಲ್ಲ, ಸರೋಜತ್ತೆಯ ತಟ್ಟೆಯಿಂದ. ಅತ್ತೆ ಅಪ್ಪನ ತಂಗಿ. ಅವಳನ್ನು ಜಗಳೂರಿಗೆ ಕೊಟ್ಟಿತ್ತು. ಮದುವೆಯಾದ ಎರಡನೆಯ ವರ್ಷ ಒಂದು ಟ್ರಂಕು ಹಿಡಿದುಕೊಂಡು ವಾಪಸು ಬಂದಳು. ಯಾಕೆ ಎಂದು ನನಗೆ ಯಾರೂ ಹೇಳಲಿಲ್ಲ. ಬಂದ ದಿನ ಊಟಕ್ಕೆ ಕೂತವಳಿಗೆ ತುತ್ತು ಇಳಿಯಲಿಲ್ಲ, ಅರ್ಧ ಮುದ್ದೆ ಬಿಟ್ಟು ಕೈ ತೊಳೆದಳು. ಅಜ್ಜ ಅವಳನ್ನು ನೋಡದೆ ಅವ್ವನಿಗೆ ಕಣ್ಣಲ್ಲೇ ಗೂಡು ತೋರಿಸಿದರು. ಮರುದಿನ ಮಧ್ಯಾಹ್ನ ಆ ಮುದ್ದೆ ಒಣಗಿ ಸೀಳು ಬಿಟ್ಟಿತ್ತು. ಮೆತ್ತಗಾಗಲಿ ಎಂದು ಅವ್ವ ಬಿಸಿ ಸಾರು ಹಾಕಲು ಹೋದಳು. ಅತ್ತೆ ಸೌಟನ್ನು ಹಿಂದಕ್ಕೆ ತಳ್ಳಿದಳು.

"ಬ್ಯಾಡ ಅತ್ತಿಗೆ. ಅಪ್ಪ ನೋಡ್ತಾ ಅದಾನೆ."

ಪೂರ್ತಿ ಉಂಡಳು. ತಟ್ಟೆಯ ನೀರು ಕುಡಿದಳು. ಅಲ್ಲಿಂದಾಚೆ ಗೂಡಿನ ಉಸ್ತುವಾರಿ ಅವಳದಾಯಿತು. ನಾನು ತಟ್ಟೆಯಲ್ಲಿ ಒಂದು ಕರಿಬೇವಿನ ಎಸಳು ಬಿಟ್ಟರೂ ಅವಳ ಕಣ್ಣಿಗೆ ಬೀಳುತ್ತಿತ್ತು. "ಉಣ್ಣು. ನಾನು ಉಂಡಿಲ್ಲೇನು?" ಅನ್ನುತ್ತಿದ್ದಳು. ಆ ಮಾತನ್ನು ನನಗಿಂತ ಹೆಚ್ಚಾಗಿ ಯಾರಿಗೆ ಹೇಳುತ್ತಿದ್ದಳು ಎಂದು ಈಗ ಯೋಚಿಸುತ್ತೇನೆ. ಆಗ ನನಗೆ ಅವಳ ಮೇಲೆ ಬರೀ ದ್ವೇಷವಿತ್ತು.

ಕಣದಲ್ಲಿ ಎರಡು ಸಲ ಚೀಲ ಕಳವಾದ ಮೇಲೆ ನಾಯಿ ಬಂತು. ಚನ್ನಗಿರಿಯಲ್ಲಿ ಅಜ್ಜನ ಪರಿಚಯದವರೊಬ್ಬರ ಮನೆಯಲ್ಲಿ ಡಾಬರ್‌ಮನ್ ಮರಿ ಹಾಕಿತ್ತು. ಅಪ್ಪ ಒಂದನ್ನು ಬ್ಯಾಗಿನಲ್ಲಿಟ್ಟುಕೊಂಡು ಬಸ್ಸಿನಲ್ಲಿ ತಂದ. ಬಾಲವನ್ನು ಮೊದಲೇ ಕತ್ತರಿಸಿದ್ದರು. ಆ ಮೋಟನ್ನು ಅಲ್ಲಾಡಿಸಲು ಹೋಗಿ ಅದರ ಇಡೀ ಹಿಂಭಾಗ ಅಲ್ಲಾಡುತ್ತಿತ್ತು. ಬಂದ ಮೊದಲ ದಿನವೇ ಜೋಳದ ರಾಶಿಯ ಮೇಲೆ ಹತ್ತಿ ಕೂತು ಎಲ್ಲರನ್ನೂ ಮೇಲಿಂದ ಕೆಳಕ್ಕೆ ನೋಡಿತು.

"ಕೆಲ್ಸ ಏನೂ ಇಲ್ಲ, ಗತ್ತು ನೋಡ್ರಿ. ಮಂತ್ರಿ ಅಂತ ಕರೀರಿ ಇದ್ನ," ಅಂದ ಅಪ್ಪ. ಅಪ್ಪ ತಮಾಷೆ ಮಾಡುತ್ತಿದ್ದದ್ದೇ ಅಪರೂಪ. ಅಜ್ಜನೂ ನಕ್ಕರು. ಹೆಸರು ನಿಂತಿತು.

ಮಂತ್ರಿಗೆ ನಮ್ಮದೇ ಊಟ. ಮುದ್ದೆ, ಹಾಲು, ಉಳಿದ ರೊಟ್ಟಿ. ಸೋಮವಾರ ಅಜ್ಜ ಅದರ ಹಣೆಗೂ ವಿಭೂತಿ ಬಳಿಯುತ್ತಿದ್ದರು, ಕರಿ ಮೈಮೇಲೆ ಅದು ಚೆನ್ನಾಗಿ ಕಾಣುತ್ತಿತ್ತು. ಚೀಲ ಹೊರುವ ಹಮಾಲಿ ಹಾಲೇಶಪ್ಪನಿಗೆ ಇದು ಸರಿಬರಲಿಲ್ಲ.

"ಸಾವ್ಕಾರ್ರೆ, ಕಚ್ಚೋ ಜಾತಿ ಅದು. ವಾರಕ್ಕೆ ಒಂದು ತತ್ತಿನಾರ ಹಾಕ್ರಿ. ಇಲ್ಲಾಂದ್ರೆ ಕಳ್ಳ ಬಂದ್ರೆ ಶರಣು ಮಾಡ್ತೈತೆ."

"ನಮ್ಮನ್ಯಾಗೆ ಇರೋರು ನಮ್ಮಂಗೇ ಉಣ್ಬೇಕಪ್ಪ ಹಾಲೇಶಿ," ಅಂದರು ಅಜ್ಜ. "ಉಣ್ಣಾಕೆ ಬ್ಯಾರೆ, ಕಾಯಾಕೆ ಬ್ಯಾರೆ ಅಂತ ಇಲ್ಲ."

ಹಿಂದಿನ ಓಣಿಯಲ್ಲಿ ನನ್ನ ಜೊತೆಗಾತಿ ರೇಣುಕಳ ಮನೆ. ಅವರಲ್ಲಿ ಭಾನುವಾರ ಕುರಿ ಬಾಡು ಬೇಯುತ್ತಿತ್ತು. ಒಂದು ಭಾನುವಾರ ರೇಣುಕ ಕಾಗದದಲ್ಲಿ ಸುತ್ತಿದ ಎಲುಬು ತಂದಳು, ನಾವಿಬ್ಬರೂ ಬಚ್ಚಲ ಹಿಂದೆ ಕೂತು ಮಂತ್ರಿಗೆ ಕೊಟ್ಟೆವು. ಮರಿ ಅದನ್ನು ಮುಂಗಾಲುಗಳ ನಡುವೆ ನಿಲ್ಲಿಸಿಕೊಂಡು, ಕಣ್ಣು ಮುಚ್ಚಿ ಕಡಿಯುವುದನ್ನು ನೋಡಿ ನನಗೆ ಭಯವೂ ಆಯಿತು, ಹೊಟ್ಟೆಕಿಚ್ಚೂ ಆಯಿತು. ಯಾವ ಊಟವನ್ನೂ ನಾನು ಅಷ್ಟು ಸುಖವಾಗಿ ಉಂಡಿರಲಿಲ್ಲ. ಇದು ಒಮ್ಮೆ ನಡೆಯಿತೋ ಎರಡು ಸಲವೋ ಹೇಳಲಾರೆ. ಎರಡು ಸಲ ಎಂದಿಟ್ಟುಕೊಳ್ಳುತ್ತೇನೆ, ಕಡಿಮೆ ಮಾಡಿಕೊಂಡೆ ಎಂದಾಗಬಾರದು.

ಅದಾಗಿ ಕೆಲವು ವಾರಗಳ ಮೇಲೆ, ಮರಿಗೆ ಐದಾರು ತಿಂಗಳಾಗಿದ್ದಾಗ, ಅದು ಆಕಳಿಸುವುದನ್ನು ನಿಲ್ಲಿಸಿತು. ಮೊದಲು ಗಮನಿಸಿದ್ದು ನಾನೇ, ಏಕೆಂದರೆ ಅದರ ಆಕಳಿಕೆಗೆ ನಾನು ಬೆರಳು ಹಾಕಿ ಆಡುತ್ತಿದ್ದೆ. ಬಾಯಿ ತೆರೆಯಲು ಶುರುಮಾಡಿ, ನಡುವೆ ನಿಂತು, ಕುಂಯ್ ಎಂದು ಮುಚ್ಚಿಕೊಳ್ಳುತ್ತಿತ್ತು. ಆಮೇಲೆ ಜೊಲ್ಲು ಸುರಿಯತೊಡಗಿತು. ಮೈ ಒಂದು ದಿನ ಸುಡುತ್ತಿತ್ತು, ಮರುದಿನ ತಣ್ಣಗಿರುತ್ತಿತ್ತು. ಮುದ್ದೆ ಹಾಕಿದರೆ ಓಡಿ ಬರುತ್ತಿತ್ತು. ಮೂತಿ ಇಟ್ಟು, ತಳ್ಳಿ, ನೆಕ್ಕಿ, ಸುತ್ತು ಹಾಕಿ, ಮತ್ತೆ ಮೂತಿ ಇಡುತ್ತಿತ್ತು. ತುತ್ತು ಮಾತ್ರ ಒಳಗೆ ಹೋಗುತ್ತಿರಲಿಲ್ಲ. ಹುಚ್ಚುನಾಯಿ ಕಚ್ಚಿರಬಹುದು ಎಂದು ಬೀದಿಯವರು ಅಂದರು. ನೀರು ನೆಕ್ಕುತ್ತದಲ್ಲ, ಹುಚ್ಚಲ್ಲ ಅಂದರು ಅಜ್ಜ. ಅವರು ಕುರ್ಚಿಯಿಂದ ಅದನ್ನು ಎರಡು ಹೊತ್ತು ನೋಡಿದರು.

"ಸೊಕ್ಕು," ಅಂದರು. "ತಟ್ಟೆ ಕಾಯ್ಲಿ ಬಿಡ್ರಿ."

ಹೀಗೆ ಮಂತ್ರಿಯ ಅಲ್ಯುಮಿನಿಯಂ ತಟ್ಟೆಗೂ ಕಟ್ಟಳೆ ಬಂತು. ಅತ್ತೆ ಅದನ್ನು ಗೂಡಿನಲ್ಲಿಡಲಿಲ್ಲ, ಕಣದ ಮೂಲೆಯಲ್ಲಿ ಬುಟ್ಟಿ ಮುಚ್ಚಿದಳು. ಮುದ್ದೆ ಹಳಸಿದರೆ ಹೊಸದು ಹಾಕುತ್ತಿದ್ದರು. ಅಷ್ಟು ಕರುಣೆ ಇತ್ತು. ಹಾಲು, ಅಂಬಲಿ ಕೊಡುವಂತಿರಲಿಲ್ಲ. ನಾನು ಶಾಲೆಯಿಂದ ಬಂದಾಗ ಮಂತ್ರಿ ಬುಟ್ಟಿಯ ಪಕ್ಕ ಮಲಗಿರುತ್ತಿತ್ತು. ಇಡೀ ಮನೆಯಲ್ಲಿ ತನಗೆ ಏನು ಬೇಕು ಎಂದು ಸ್ಪಷ್ಟವಾಗಿ ಗೊತ್ತಿದ್ದದ್ದು ಅದಕ್ಕೊಂದೇ. ನಾಲ್ಕು ದಿನಕ್ಕೆ ತಲೆಯ ಮೇಲಿನ ಮಾಂಸ ಇಳಿದು, ಕಣ್ಣು ಒಳಗೆ ಹೋಗಿ, ಮುಖದಲ್ಲಿ ದವಡೆಯೊಂದೇ ದಪ್ಪಗೆ ಉಳಿಯಿತು. ಅವ್ವ ಹಿತ್ತಲಿಗೆ ಹೋಗುವ ನೆಪದಲ್ಲಿ ಸೆರಗಿನಲ್ಲಿ ಲೋಟ ಮುಚ್ಚಿಕೊಂಡು ಹೋಗಿ ಮಜ್ಜಿಗೆ ಕುಡಿಸಿದ್ದಳಂತೆ. ಹಾಗೆ ಅವಳು ಈಗ ಹೇಳುತ್ತಾಳೆ. ನಾನು ನೋಡಿಲ್ಲ. ಆದರೆ ನಂಬಲು ನನಗೇನೂ ಕಷ್ಟವಿಲ್ಲ.

ಐದನೆಯ ದಿನ, ಅದು ಭಾನುವಾರವೇ ಇರಬೇಕು, ನಾನು ಮನೆಯಲ್ಲಿದ್ದೆ. ಅಜ್ಜ ಊಟ ಮುಗಿಸಿ ನೇರ ಕಣಕ್ಕೆ ಬಂದರು.

"ಹಿಡೀರಿ. ಬಾಯಿ ತಗಸಾಣ."

ಅಪ್ಪ ಮುಂಗಾಲು ಹಿಡಿದ, ಹಾಲೇಶಪ್ಪ ಸೊಂಟ ಅದುಮಿದ. ಅತ್ತೆ ಮುದ್ದೆ ತಿರುವುವ ಕೋಲು ತಂದುಕೊಟ್ಟಳು. ಅಜ್ಜ ಅದರ ತುದಿಯನ್ನು ಮುಂದಿನ ಹಲ್ಲುಗಳ ನಡುವೆ ಇಟ್ಟು, ಬೀಗ ಮುರಿಯುವವರ ಹಾಗೆ ನಿಧಾನವಾಗಿ ಮೇಲಕ್ಕೆತ್ತಿದರು. ಬಾಯಿ ಎರಡು ಬೆರಳಿನಷ್ಟು ತೆರೆದು ನಿಂತುಬಿಟ್ಟಿತು. ಕೂಗು ಬಾಯಿಂದ ಬರಲಾಗದೆ ಮೂಗಿನಿಂದ ಬಂತು. ಅಂಥ ಶಬ್ದವನ್ನು ನಾನು ಮತ್ತೆ ಎಲ್ಲೂ ಕೇಳಿಲ್ಲ. ಒಸಡು ಹರಿದು ಕೋಲು ಕೆಂಪಾಯಿತು. ಇನ್ನೂ ಬಿಗಿಯಾಗಿ ಹಿಡಿಯಲು ಅಜ್ಜ ದವಡೆಯ ಕೆಳಗೆ ಕೈ ಹಾಕಿದವರು ಥಟ್ಟನೆ ನಿಂತರು. ಹೆಬ್ಬೆರಳಿಂದ ಒತ್ತಿ ಒತ್ತಿ ನೋಡಿದರು.

"ಇಲ್ಲೇನೋ ಐತಲ್ಲೋ. ಗಟ್ಟಿ ಐತೆ. ಎಲುಬು ಇದ್ದಂಗೈತೆ."

"ಎಲುಬು ಇಲ್ಲಿಗೆ ಹೆಂಗೆ ಬರ್ತೈತ್ರಿ?" ಅಂದ ಹಾಲೇಶಪ್ಪ. ಅವನ ಮಾತು ಯಾರ ಕಿವಿಗೂ ಬೀಳಲಿಲ್ಲ. ಎಲುಬು ಕಡಿಯುವ ನಾಯಿಯ ಬಾಯಿಯಲ್ಲಿ ಏನು ಎಲ್ಲಿ ಹೋಗುತ್ತದೆ ಎನ್ನುವುದನ್ನು ನಮ್ಮ ಮನೆಯಲ್ಲಿ ಯಾರೂ ಕಂಡವರಲ್ಲ. ಎಲುಬು ಎನ್ನುವುದೇ ಅಲ್ಲಿ ಹೊರಗಿನಿಂದ ಬಂದದ್ದು, ಬರಬಾರದಿದ್ದದ್ದು. ಅದು ನಾಯಿಯ ಸ್ವಂತದ್ದಿರಬಹುದು ಎಂದು ಯಾರಿಗೂ ಹೊಳೆಯಲಿಲ್ಲ. ಅಜ್ಜ ಕೈ ಒರೆಸಿಕೊಂಡು ಒಬ್ಬೊಬ್ಬರನ್ನೇ ನೋಡಿದರು.

"ಎಲುಬು ಯಾರು ತಿನ್ಸಿದ್ದು ಇದಕ್ಕೆ?"

"ನಾನು," ಅಂದೆ.

ಯಾರೂ ನನ್ನನ್ನು ಹೆದರಿಸಿರಲಿಲ್ಲ. ಕೇಳಿದ ತಕ್ಷಣ ಹೇಳಿದೆ, ಏಕೆಂದರೆ ನನಗೂ ಆ ಕ್ಷಣದಲ್ಲಿ ಎಲ್ಲ ಅರ್ಥವಾಗಿತ್ತು: ಬಚ್ಚಲ ಹಿಂದೆ ನಾನು ಕೊಟ್ಟದ್ದು ಅಲ್ಲಿ ಸಿಕ್ಕಿಕೊಂಡು ದಿನದಿನಕ್ಕೆ ದಪ್ಪಗಾಗುತ್ತಿದೆ. ಅಜ್ಜ ಸಿಟ್ಟಾಗಲಿಲ್ಲ. ಹತ್ತಿರ ಕರೆದು ನನ್ನ ಬಲಗೈಯನ್ನು ಹಿಡಿದು, ಬೆರಳು ಬಿಡಿಸಿ ನೋಡಿದರು.

"ನಮ್ ಕೈ ಹೋಗಲ್ಲ. ನಿನ್ ಕೈ ಹೋಗ್ತೈತೆ. ನೀನೇ ಹಾಕಿದ್ದು, ನೀನೇ ತಗಿ ತಾಯಿ."

"ಮಾವಾ, ಹುಡುಗಿ ಅದು. ಕಚ್ಚಿದ್ರೆ?" ಅಂದಳು ಅವ್ವ.

"ಬಾಯಿ ತಗಿಯಾಕೆ ಬರದಿದ್ದದ್ದು ಕಚ್ತೈತಾ?" ಅಂದಳು ಅತ್ತೆ.

ಅವರು ಕೋಲಿಂದ ಮೀಟಿ ಹಿಡಿದ ಆ ಎರಡು ಬೆರಳ ಸಂದಿನಲ್ಲಿ ನಾನು ಕೈ ತೂರಿಸಿದೆ. ಒಳಗೆ ಸುಡುತ್ತಿತ್ತು. ಹಲ್ಲುಗಳು ಮಣಿಕಟ್ಟಿಗೆ ಒತ್ತಿದವು, ಆದರೆ ಕಚ್ಚಲಿಲ್ಲ. ಹಾಲೇಶಪ್ಪನ ಬೀಡಿ ವಾಸನೆ, ಮಂತ್ರಿಯ ಬಾಯಿಯ ಹುಳಿ ವಾಸನೆ, ನನ್ನ ಮುಖಕ್ಕೆ ತೀರಾ ಹತ್ತಿರದಲ್ಲಿ ಅದರ ಒಂದು ಕಣ್ಣು. ನಾನು ಹಲ್ಲಿನ ಹಿಂದೆ, ಕೆನ್ನೆಯ ಕಡೆ, ನಾಲಿಗೆಯ ಕೆಳಗೆ ತಡಕಿದೆ. ಅಲ್ಲಿ ಏನೂ ಇರಲಿಲ್ಲ. ಎಲ್ಲ ಮೆತ್ತಗಿತ್ತು, ಆ ಮೆತ್ತನೆಯ ಕೆಳಗೆ ಗೋಡೆಯ ಹಾಗೆ ಗಟ್ಟಿಯಾಗಿತ್ತು. ಇಷ್ಟನ್ನು ನಾನು ಪ್ರಮಾಣ ಮಾಡಿ ಹೇಳಬಲ್ಲೆ.

"ಸಿಕ್ತಾ?" ಅಂದರು ಅಜ್ಜ.

ಇಲ್ಲ ಅಂದರೆ ಮತ್ತೆ ಹುಡುಕು ಅನ್ನುತ್ತಾರೆ. ಮತ್ತೆ ಕೋಲು, ಮತ್ತೆ ಆ ಶಬ್ದ. ನನಗೆ ಕೈ ಹೊರಗೆ ಬೇಕಿತ್ತು.

"ಐತೆ," ಅಂದೆ. "ಒಳಗೈತೆ. ಬರ್ತಿಲ್ಲ."

ನನ್ನ ಬದುಕಿನಲ್ಲಿ ನಾನು ಹೇಳಿದ ಸುಳ್ಳುಗಳಲ್ಲಿ ಇಷ್ಟು ಬೇಗ ಎಲ್ಲರೂ ನಂಬಿದ್ದು ಬೇರೆ ಯಾವುದೂ ಇಲ್ಲ. ಅಜ್ಜ ಹಾಲೇಶಪ್ಪನ ಕಡೆ ತಿರುಗಿದರು.

"ನಿಮ್ ಕಡೆ ಸಿಗಾಕ್ಕೊಂಡ್ರೆ ಏನ್ ಮಾಡ್ತೀರಪ್ಪ?"

"ಮೀನಿನ ಮುಳ್ಳಾದ್ರೆ ಗಟ್ಟಿ ಮುದ್ದೆ ತುತ್ತು ನುಂಗ್ತೀವ್ರಿ, ನೂಕ್ಕೊಂಡು ಹೋಗ್ತೈತೆ. ಅದು ಗಂಟ್ಲಾಗಿದ್ರೆ ಸಾವ್ಕಾರ್ರೆ. ಇದು ಹಂಗೆ ಕಾಣಲ್ಲ…"

ಅಜ್ಜ ಮೊದಲ ಅರ್ಧವನ್ನು ಮಾತ್ರ ತೆಗೆದುಕೊಂಡರು. ಅವತ್ತಿನಿಂದ ಮುದ್ದೆಯೇ ಔಷಧಿಯಾಯಿತು. ಅಪ್ಪ ಗೋಲಿಯಷ್ಟು ಉಂಡೆ ಮಾಡಿ, ಕೆನ್ನೆಯ ಸಂದಿನಿಂದ ಹೆಬ್ಬೆರಳಲ್ಲಿ ಒಳಕ್ಕೆ ತಳ್ಳುತ್ತಿದ್ದ. ಮಂತ್ರಿ ಕೆಮ್ಮಿ ಹೊರಹಾಕುತ್ತಿತ್ತು. ಅದೇ ಉಂಡೆಯನ್ನು ಮತ್ತೆ ತಳ್ಳುತ್ತಿದ್ದ. ಆಗ ಅಪ್ಪ ಗೋಡೆಯ ಕಡೆ ಮುಖ ಮಾಡಿರುತ್ತಿದ್ದ.

ಎರಡು ದಿನವಾದ ಮೇಲೆ ಅವ್ವ ಮಾವನ ಎದುರು ನಿಂತು, ಹೊನ್ನಾಳಿಯ ಪಶು ಡಾಕ್ಟರಿಗಾದರೂ ತೋರಿಸೋಣ ಅಂದಳು. ಆ ಮನೆಯಲ್ಲಿ ಅವಳು ಹಾಗೆ ಕೇಳಿದ್ದು ಅದೇ ಮೊದಲು. ಅಜ್ಜ ಒಪ್ಪಿದರು: ಡಾಕ್ಟರ ಹತ್ತಿರ ಇಕ್ಕಳ ಇರುತ್ತದೆ, ಎಲುಬು ಕಿತ್ತುಕೊಡಲಿ. ಗಂಡಸರೆಲ್ಲ ಲಾರಿ ಲೋಡು ಮಾಡುವುದರಲ್ಲಿದ್ದರು. ಅತ್ತೆಯನ್ನು ಕಳಿಸಿದರು. ಜೋಳದ ಟೆಂಪೊದ ಹಿಂದೆ, ಚೀಲಗಳ ನಡುವೆ, ಗೋಣಿಯಲ್ಲಿ ಸುತ್ತಿದ ಮಂತ್ರಿಯನ್ನು ತೊಡೆಯ ಮೇಲಿಟ್ಟುಕೊಂಡು ಅತ್ತೆ ಹೋದದ್ದನ್ನು ಶಾಲೆಗೆ ಹೋಗುವ ದಾರಿಯಲ್ಲಿ ನಿಂತು ನೋಡಿದೆ. ಸಂಜೆ ಹೊತ್ತಿಗೆ ಬಂದಳು.

"ಡಾಕ್ಟ್ರು ಇರಲಿಲ್ಲ. ಕ್ಯಾಂಪಿಗೆ ಹೋಗ್ಯಾರಂತೆ," ಅಂದಳು.

"ಆತು ಬಿಡು," ಅಂದರು ಅಜ್ಜ.

ಆ ಸಂಜೆ ಮಂತ್ರಿ ನರಳಲಿಲ್ಲ. ಕುತ್ತಿಗೆ ಎತ್ತಿ ಕೂತಿತು, ಮೋಟು ಬಾಲ ಅಲ್ಲಾಡಿಸಿತು. ಅತ್ತೆ ತಾನೇ ಒಲೆಯ ಮುಂದೆ ಕೂತು ನೀರಾದ ಅಂಬಲಿ ಕಾಸಿ, ಆರಿಸಿ, ಅದರ ಮುಂದಿಟ್ಟಳು. ಅದು ತಟ್ಟೆಯ ತಳ ಕಾಣುವವರೆಗೆ ನೆಕ್ಕಿತು. ಗೂಡಿನ ಕಾವಲಿನವಳು ಕಟ್ಟಳೆ ಮುರಿದು ಅಂಬಲಿ ಇಟ್ಟದ್ದು ಯಾಕೆ ಎಂದು ನಾನು ಅಂದು ಕೇಳಿಕೊಳ್ಳಲಿಲ್ಲ. ಖುಷಿಯಲ್ಲಿದ್ದೆ. ಅಜ್ಜ ಕುರ್ಚಿಯಿಂದ ಎದ್ದು ಬಂದರು.

"ನೋಡ್ರಿ, ಎಲುಬು ಕೆಳಗಿಳೀತೈತೆ. ಮುದ್ದೆ ಕೆಲ್ಸ ಮಾಡ್ತೈತೆ. ಈಗ ಅಂಬಲಿ ಕೊಟ್ಟು ಕೆಡಿಸ್ಬ್ಯಾಡ್ರಿ. ಸರೋಜಾ, ಇನ್ಮುಂದೆ ಗಟ್ಟಿದೇ ಹಾಕು."

ಅತ್ತೆ ಬಾಯಿ ತೆರೆದಳು. ಇದು ನನ್ನ ಕಲ್ಪನೆ ಇರಬಹುದು, ಆದರೆ ಅವಳ ತುಟಿ ಬೇರೆಯಾದದ್ದನ್ನು ಕಂಡಂತಿದೆ. ಆಮೇಲೆ ಬಗ್ಗಿ ಖಾಲಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಮಂತ್ರಿ ಇನ್ನೂ ಆರು ದಿನ ಬದುಕಿತ್ತು. ಆ ಆರು ದಿನಗಳ ಬಗ್ಗೆ ಬರೆಯಲು ನನ್ನಲ್ಲಿ ಹೆಚ್ಚೇನೂ ಇಲ್ಲ. ನಾನು ಹಿಂದಿನ ಬಾಗಿಲಿಗೆ ಹೋಗುವುದನ್ನು ಬಿಟ್ಟಿದ್ದೆ. ಒಂದು ಬೆಳಿಗ್ಗೆ ಹಾಲೇಶಪ್ಪ ಜೋಳದ ಮೇಲಿನ ತಾಡಪಾಲು ಸರಿಸಿದಾಗ ಅದರಡಿ ಸಿಕ್ಕಿತು. ತೂಕವೇ ಇರಲಿಲ್ಲ, ಒಂದೇ ಕೈಯಲ್ಲಿ ಎತ್ತಿಕೊಂಡ. ಅಪ್ಪ ಕಣದ ಗೋಡೆಯಾಚೆ ಗುಂಡಿ ತೋಡಿದ. ಅಜ್ಜ ಅವತ್ತು ಎಂದಿನಂತೆ ಉಂಡರು, ತಟ್ಟೆ ತೊಳೆದ ನೀರು ಕುಡಿದರು. ನನ್ನ ಮುಂದೆ ಬಡಿಸಿದ್ದನ್ನು ನಾನೂ ಪೂರ್ತಿ ಉಂಡೆ. ಒಂದು ಕಾಳನ್ನೂ ಬಿಡಲಿಲ್ಲ. ಹೆದರಿಕೆಯಿಂದ ಉಂಡೆ ಎಂದು ಬರೆಯಲು ಮನಸ್ಸಾಗುತ್ತದೆ. ನಿಜ ಹೇಳಬೇಕೆಂದರೆ ಹಸಿವಾಗಿತ್ತು.

ಆಮೇಲೆ ಶುರುವಾದದ್ದು ಅಜ್ಜನ ಕಥೆ. ಜೋಳ ತರುವ ರೈತರಿಗೆ, ಮದುವೆಮನೆಗಳಲ್ಲಿ ಪಕ್ಕ ಕೂತವರಿಗೆ, ನನ್ನನ್ನು ಹತ್ತಿರ ಕರೆದು ಹೆಗಲ ಮೇಲೆ ಕೈಯಿಟ್ಟುಕೊಂಡೇ ಹೇಳುತ್ತಿದ್ದರು.

"ನಮ್ ಮಂತ್ರೀನ ಕೊಂದಿದ್ದು ಯಾರು ಅಂದ್ಕೊಂಡ್ರಿ? ಇವ್ಳೇ. ಪ್ರೀತಿಯಿಂದ ಎಲುಬು ತಿನ್ಸಿ ಕೊಂದ್ಲು. ಸತ್ತ ಮ್ಯಾಲೆ ಬಾಯಿ ತಗಸಿದ್ರೆ, ಇಷ್ಟುದ್ದ."

ಹೀಗೆ ಹೇಳಿ ತಮ್ಮ ಕಿರುಬೆರಳು ತೋರಿಸುತ್ತಿದ್ದರು. ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ, ನಗದಿದ್ದರೆ ಕಥೆ ಇನ್ನಷ್ಟು ಉದ್ದವಾಗುತ್ತಿತ್ತು. ದೊಡ್ಡಪ್ಪನ ಮಕ್ಕಳು ಬೇಸಿಗೆ ರಜೆಗೆ ಬಂದಾಗ ನಾನು ಏನಾದರೂ ತಿನ್ನಲು ಕೊಟ್ಟರೆ ಬಾಯಿ ಬಿಗಿದುಕೊಂಡು ನಾಯಿಯ ಹಾಗೆ ಕುಂಯ್‌ಗುಟ್ಟುತ್ತಿದ್ದರು. ವರ್ಷಗಳು ಹೋದಂತೆ ಎಲುಬು ಹೊರಬಂದ ಆ ದೃಶ್ಯ ನನ್ನ ಕಣ್ಣಿಗೇ ಕಟ್ಟತೊಡಗಿತು. ಕಾಲೇಜಿಗೆ ಹೋಗುವ ವಯಸ್ಸಿನಲ್ಲಿ ಒಮ್ಮೆ ಅಪ್ಪನ ಮುಂದೆ ಅದರ ಮಾತೆತ್ತಿದೆ. "ಯಾವ ಎಲುಬು? ಬಾಯಿ ಎಲ್ಲಿ ತಗೀತು ಅದು? ಮುಚ್ಚಿದ ಬಾಯಲ್ಲೇ ಹೂಳಿದ್ದು ನಾನು," ಅಂದ. ಅಂದೇ ಬರೆದಿಡದ ಯಾವುದನ್ನೂ ನಂಬಬಾರದು ಎಂದು ನಾನು ದಿನಚರಿ ಶುರುಮಾಡಿದ್ದು ಆ ವಾರ. ಇನ್ನೊಂದು ಅಭ್ಯಾಸವೂ ಉಳಿಯಿತು. ನಾನು ಯಾರಿಗೂ ಕೈಯಾರೆ ತಿನ್ನಿಸುವುದಿಲ್ಲ, ಸ್ವಂತ ಮಗನಿಗೂ ತಟ್ಟೆಯಲ್ಲಿಟ್ಟು ದೂರ ಸರಿದು ಕೂರುತ್ತಿದ್ದೆ. ನನ್ನ ಗಂಡ ಇದನ್ನು ನಾನು ಓದಿದ ಓದಿನ ಬಿಗುಮಾನ ಎಂದುಕೊಂಡ. ನಾನು ತಿದ್ದಲಿಲ್ಲ.

ಈಗ ನಾನು ಚನ್ನಗಿರಿಯಲ್ಲಿ ಪಾಠ ಮಾಡುತ್ತೇನೆ. ಹೋದ ವರ್ಷ ಸಹೋದ್ಯೋಗಿಯೊಬ್ಬರ ನಾಯಿಮರಿ ಉಣ್ಣುವುದನ್ನು ನಿಲ್ಲಿಸಿತು, ಜೊಲ್ಲು ಸುರಿಸುತ್ತಿತ್ತು. ಅವರ ಜೊತೆಗೆ ದಾವಣಗೆರೆಗೆ ನಾನೂ ಹೋದೆ. ಅಲ್ಲಿನ ಪಶುವೈದ್ಯೆ, ನನಗಿಂತ ಚಿಕ್ಕವಳು, ಎಕ್ಸ್‌ರೇಯನ್ನು ಬೆಳಕಿನ ಮುಂದೆ ಹಿಡಿದು ತೋರಿಸಿದಳು. ಕೆಳದವಡೆಯ ಎಲುಬಿನ ಅಂಚಿಗೆ, ಎರಡೂ ಕಡೆ, ಗೆದ್ದಲು ಮಣ್ಣು ಮೆತ್ತಿದ ಹಾಗೆ ಬಿಳಿಯ ಹೊಸ ಎಲುಬು ಬೆಳೆದಿತ್ತು. ಬೆಳೆಯುವ ಮರಿಗಳಲ್ಲಿ ಕೆಲವಕ್ಕೆ ಹುಟ್ಟಿನಿಂದಲೇ ಬರುವ ದೋಷವಂತೆ. ದವಡೆಯ ಎಲುಬು ಬೇಡದ ಕಡೆ ಬೆಳೆದು ಬಾಯಿ ತೆರೆಯಲು ಬಿಡುವುದಿಲ್ಲ. ತಿಂದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ನೋವಿಗೆ ಔಷಧಿ ಕೊಟ್ಟು, ನೀರಾಗಿ ಮಾಡಿದ್ದನ್ನು ನೆಕ್ಕಿಸುತ್ತ ಕಾದರೆ, ಎಷ್ಟೋ ಮರಿಗಳಲ್ಲಿ ಒಂದು ವರ್ಷ ತುಂಬುವ ಹೊತ್ತಿಗೆ ಬೆಳವಣಿಗೆ ತಾನಾಗಿ ನಿಂತು ಬಾಯಿ ಸುಮಾರಾಗಿ ಬಿಡಿಸಿಕೊಳ್ಳುತ್ತದೆ. ನಾನು ಅವಳ ಕೈಯಿಂದ ಎಕ್ಸ್‌ರೇ ತೆಗೆದುಕೊಂಡು ತುಂಬ ಹೊತ್ತು ಹಿಡಿದುಕೊಂಡಿದ್ದೆ. ಅದು ತಮ್ಮದೆಂದು ಸಹೋದ್ಯೋಗಿ ನೆನಪಿಸಬೇಕಾಯಿತು.

ಹೇಳಲು ಅಜ್ಜ ಇರಲಿಲ್ಲ. ಅಪ್ಪನಿಗೆ ಹೇಳಿದರೆ, "ಹಂಗಾ," ಅಂದು ಹೆಬ್ಬೆರಳು ನೋಡಿಕೊಂಡ. ಅತ್ತೆಗೆ ಫೋನಿನಲ್ಲಿ ಹೇಳಲು ಮನಸ್ಸಾಗಲಿಲ್ಲ. ಮಂತ್ರಿ ಸತ್ತ ಮರುವರ್ಷವೇ ಹಿರಿಯರು ಕೂತು ಮಾತಾಡಿ ಅವಳನ್ನು ಜಗಳೂರಿಗೆ ವಾಪಸು ಕಳಿಸಿದ್ದರು. ಅಲ್ಲೇ ಮಕ್ಕಳಾಗಿ, ಮೊಮ್ಮಕ್ಕಳಾಗಿ, ಈಗ ಅವಳದೇ ಮನೆ, ಅವಳದೇ ಮಾತು. ನಾನು ಹೋದಾಗ ಜಗಲಿಯ ಮೇಲೆ ಶೇಂಗಾ ಸುಲಿಯುತ್ತಿದ್ದಳು. ನಾನೂ ಒಂದು ಹಿಡಿ ತೆಗೆದುಕೊಂಡು ಕೂತೆ.

"ಏನೇ, ಚನ್ನಗಿರಿ ಬಿಟ್ಟು ಬಂದೀಯ, ಅತ್ತೆ ಸತ್ಲೇನೋ ಅಂತ ನೋಡಾಕೆ ಬಂದ್ಯಾ?"

"ಮಂತ್ರಿ ವಿಷ್ಯ ಹೇಳಾಕೆ ಬಂದೆ," ಅಂದೆ. "ಅದರ ಬಾಯಲ್ಲಿ ಎಲುಬೇ ಇರಲಿಲ್ಲಂತೆ ಅತ್ತೆ. ಅದೊಂದು ರೋಗ. ದವಡೆ ಎಲುಬೇ ಬೆಳೆಯೋದಂತೆ."

ಅವಳು ತಲೆ ಎತ್ತಲಿಲ್ಲ. ಎರಡು ಕಾಯಿ ಒಡೆದಳು, ಬೀಜ ಮೊರಕ್ಕೆ ಹಾಕಿದಳು.

"ಹೂಂ. ವರ್ಷ ತುಂಬಿದ್ರೆ ಅದಷ್ಟಕ್ಕೆ ಅದೇ ನಿಲ್ತಿತ್ತಂತೆ," ಅಂದಳು.

ಆ ಮಾತನ್ನು ನಾನು ಅವಳಿಗೆ ಹೇಳಿರಲಿಲ್ಲ. ಅಪ್ಪನಿಗೂ ಹೇಳಿರಲಿಲ್ಲ. ಅವಳಿಗೂ ಅದು ತಿಳಿಯಿತು, ಕೈ ನಿಂತಿತು. ಅಷ್ಟು ವರ್ಷ ಬಚ್ಚಿಟ್ಟುಕೊಂಡದ್ದು ಶೇಂಗಾ ಸುಲಿಯುವ ಲಯದಲ್ಲಿ ಬಾಯಿಂದ ಜಾರಿತ್ತು.

"ಡಾಕ್ಟ್ರು ಸಿಕ್ಕಿದ್ರು, ಅಲ್ವಾ? ಹೊನ್ನಾಳಿಯಲ್ಲಿ?"

ಅತ್ತೆ ಮೊರ ಎತ್ತಿ ಹೊಟ್ಟು ಊದಿದಳು. ಬಹಳ ಹೊತ್ತು ಊದಿದಳು.

"ಇಂಜೆಕ್ಷನ್ ಕೊಟ್ರು," ಅಂದಳು. "ನೀರಾಗಿ ಮಾಡಿ ಕೊಡ್ರಿ ಅಂದ್ರು. ಬಾಯೊಳಗೆ ಏನೂ ಇಲ್ಲಮ್ಮ, ಯಾರು ಹೇಳಿದ್ದು ಐತೆ ಅಂತ, ಅಂದ್ರು."

ಅಷ್ಟಕ್ಕೇ ನಿಲ್ಲಿಸಿ ಚಹಾ ಮಾಡಲು ಒಳಗೆ ಹೋದಳು. ನಾನು ಜಗಲಿಯ ಮೇಲೆ ಕೂತೇ ಇದ್ದೆ. ಬಾಯೊಳಗೆ ಏನೂ ಇಲ್ಲ ಎನ್ನುವ ಮಾತನ್ನು ಅವಳು ಅಂದೇ ಸಂಜೆ ಪಡಸಾಲೆಯಲ್ಲಿ ಹೇಳಿದ್ದರೆ ಮಂತ್ರಿ ಉಳಿಯುತ್ತಿತ್ತೇನೋ. ಹೇಳಿದ್ದರೆ ಎರಡು ಸಂಗತಿ ಹೊರಬೀಳುತ್ತಿದ್ದವು: ಅಜ್ಜನ ತೀರ್ಮಾನ ತಪ್ಪು ಎನ್ನುವುದು, ನಾನು ಸುಳ್ಳು ಹೇಳಿದೆ ಎನ್ನುವುದು. ಗಂಡನ ಮನೆ ಬಿಟ್ಟು ಬಂದು ತಂದೆಯ ಕುರ್ಚಿಯ ಎದುರಲ್ಲೇ ಓಡಾಡಬೇಕಿದ್ದ ಹೆಂಗಸಿಗೆ ಮೊದಲನೆಯದನ್ನು ಹೇಳುವ ಧೈರ್ಯ ಇರಲಿಲ್ಲವೇ? ಅಥವಾ ಹತ್ತು ವರ್ಷದ ಹುಡುಗಿಯೊಬ್ಬಳನ್ನು ಆ ಕುರ್ಚಿಯ ಮುಂದೆ ಸುಳ್ಳುಗಾತಿಯಾಗಿ ನಿಲ್ಲಿಸಲು ಅವಳಿಗೆ ಮನಸ್ಸಾಗಲಿಲ್ಲವೇ? ಮೊದಲನೆಯದಾದರೆ, ಅವಳ ಅಂಜಿಕೆಗೆ ನಾನು ಮೂವತ್ತು ವರ್ಷ ಮದುವೆಮನೆಗಳಲ್ಲಿ ನಗಬೇಕಾಯಿತು. ಎರಡನೆಯದಾದರೆ, ನನ್ನನ್ನು ಪ್ರೀತಿಸಿದ್ದಕ್ಕೆ ನಾಯಿ ಸತ್ತಿತು. ಇದನ್ನು ತಿಳಿಯಲು ನನಗಿರುವ ಆತುರ ಮಂತ್ರಿಯ ಸಲುವಾಗಿ ಅಲ್ಲ ಎನ್ನುವುದೂ ನನಗೆ ಗೊತ್ತು. ನನ್ನ ಪಾಲಿನದನ್ನು ಎಷ್ಟು ಇಳಿಸಿಕೊಳ್ಳಬಹುದು ಎಂದು ನೋಡುತ್ತಿದ್ದೇನೆ.

ಅವಳು ಎರಡು ಲೋಟ ಚಹಾ ಹಿಡಿದು ಬಂದಾಗ ಕೇಳಿದೆ. ಅವಳು ನನ್ನ ಮಗನ ಓದಿನ ವಿಷಯ ತೆಗೆದಳು. ಬಸ್ಸು ಹತ್ತಿಸಲು ಬಂದಾಗ ಇನ್ನೊಮ್ಮೆ ಕೇಳಿದೆ. ಬಸ್ಸಿನ ಸದ್ದಿನಲ್ಲಿ ಕೇಳಿಸಲಿಲ್ಲ ಎನ್ನುವಂತೆ ಕೈ ಬೀಸಿದಳು. ಈಚೆಗೆ ಅವಳ ಮೊಮ್ಮಗಳ ಮೊಬೈಲಿಗೆ ಬರೆದು ಕಳಿಸಿದ್ದೇನೆ, ಅಜ್ಜಿಗೆ ಓದಿ ಹೇಳಿದೆ ಎಂದು ಹುಡುಗಿ ಹೇಳಿದಳು. ಬರೆದದ್ದು ಇಷ್ಟೇ:

"ಆವತ್ತು ನೀನು ಸುಮ್ಕಿದ್ದಿದ್ದು ಯಾರ ಸಲುವಾಗಿ ಅತ್ತೆ? ನಿನ್ ಸಲುವಾಗಾ, ನನ್ ಸಲುವಾಗಾ?"